ಒಂಬತ್ತನೇ ತರಗತಿಯ ಎಡಗೈಗಳು

ಗೋಡೆಯ ಆ ಕಡೆಯಿಂದ ಮತ್ತೆ ನಗು ಕೇಳಿಸಿತು. ಒಬ್ಬಿಬ್ಬರ ನಗುವಲ್ಲ, ಇಡೀ ತರಗತಿಯ ನಗು. ಬೋರ್ಡಿನ ಮೇಲೆ ಗೆರೆ ಎಳೆಯುತ್ತಿದ್ದ ದೊಡ್ಡ ಮೇಡಂ ಕೈ ಬಿಗಿ ಹಿಡಿದಳು, ಚಾಕ್‌ಪೀಸು ಪಟ್ಟನೆ ಎರಡು ತುಂಡಾಯಿತು.

"ವ್ಯಾಕರಣದ ಪಾಠದಲ್ಲಿ ನಗೋಕೆ ಏನಿರತ್ತೆ?" ಎಂದು ಅವಳು ತನ್ನ ಎದುರಿಗಿದ್ದ ಮಕ್ಕಳನ್ನೇ ಕೇಳಿದಳು. ನಲವತ್ತು ಮಕ್ಕಳೂ ತಲೆ ತಗ್ಗಿಸಿದರು. ಅವರ ಕಿವಿಗಳೂ ಗೋಡೆಯ ಆಚೆಗೇ ಇದ್ದವು, ಅದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಶಾಲೆಯಲ್ಲಿ ಎಲ್ಲರೂ ಅವಳಿಗೆ ಬಹುವಚನ ಕೊಡುತ್ತಾರೆ. ನಾವು ಅವಳ ಮನೆಯ ಒಳಗೂ ಇಣುಕುವವರಾದ್ದರಿಂದ ಏಕವಚನವೇ ಇರಲಿ, ಅವಳೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಳ್ಳಲು ಅವಳಿಗೆ ಬೇರೆ ಬೇಕಾದಷ್ಟಿತ್ತು. ಮೂರು ವರ್ಷದ ಹಿಂದಿನವರೆಗೆ ಅವಳು ದೊಡ್ಡ ಮೇಡಂ ಆಗಿರಲಿಲ್ಲ, ಬರೀ ಇಂಗ್ಲಿಷ್ ಮೇಡಂ ಆಗಿದ್ದಳು. ಹದಿನೆಂಟು ವರ್ಷ ಆ ಶಾಲೆಯಲ್ಲಿ ಇಂಗ್ಲಿಷ್ ಮೇಡಂ ಎಂದರೆ ಅವಳೊಬ್ಬಳೇ. ಆಮೇಲೆ ಮೈದುನನ ಮದುವೆಯಾಯಿತು. ಓರಗಿತ್ತಿ ಮನೆಗೆ ಬಂದಳು. ಮನೆಗೆ ಬಂದದ್ದು ಸಾಲದು ಎಂಬಂತೆ ಅದೇ ಶಾಲೆಗೆ, ಅದೇ ಇಂಗ್ಲಿಷ್ ಕಲಿಸುವುದಕ್ಕೆ ಬಂದಳು. ಒಂದೇ ಮನೆಯಿಂದ ಇಬ್ಬರು ಬಂದರೆ ಮಕ್ಕಳು ಸುಮ್ಮನಿರುತ್ತಾರೆಯೇ? ಇವಳು ದೊಡ್ಡ ಮೇಡಂ ಆದಳು, ಓರಗಿತ್ತಿ ಚಿಕ್ಕ ಮೇಡಂ ಆದಳು.

ಒಂಬತ್ತನೇ ತರಗತಿಗೆ ಎರಡು ಸೆಕ್ಷನ್. ಎ ಸೆಕ್ಷನ್ ದೊಡ್ಡವಳದು, ಬಿ ಸೆಕ್ಷನ್ ಚಿಕ್ಕವಳದು. ಸ್ವಂತ ಮಕ್ಕಳನ್ನು ತಮ್ಮದೇ ಸೆಕ್ಷನ್ನಿನಲ್ಲಿ ಇಟ್ಟುಕೊಳ್ಳಬಾರದು ಎಂಬುದು ಶಾಲೆಯ ನಿಯಮ. ಹಾಗಾಗಿ ದೊಡ್ಡ ಮೇಡಂನ ಒಬ್ಬಳೇ ಮಗಳು ಎರಡು ವರ್ಷದಿಂದ ಬಿ ಸೆಕ್ಷನ್ನಿನಲ್ಲಿ, ಚಿಕ್ಕಮ್ಮನ ಎದುರು ಕೂತು ಇಂಗ್ಲಿಷ್ ಕಲಿಯುತ್ತಿದ್ದಳು. ಗೋಡೆಯಾಚೆಯ ಆ ನಗುವಿನಲ್ಲಿ ಮಗಳ ನಗುವೂ ಇತ್ತು. ಮೂವತ್ತೆಂಟು ಮಕ್ಕಳ ನಡುವೆ ಅದೊಂದನ್ನೇ ತಾಯಿಯ ಕಿವಿ ಆರಿಸಿ ತೆಗೆಯುತ್ತಿತ್ತು. ಆಗೆಲ್ಲ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದ ಹಾಗಾಗುತ್ತಿತ್ತು. ಸುಳ್ಳೇಕೆ ಹೇಳಬೇಕು, ಅದು ಶುದ್ಧ ಹೊಟ್ಟೆಕಿಚ್ಚು.

ಆ ತಿಂಗಳು ಎರಡೂ ಸೆಕ್ಷನ್ನಿನಲ್ಲಿ ಒಂದೇ ಪಾಠ ನಡೆದಿತ್ತು: ಷರತ್ತಿನ ವಾಕ್ಯಗಳು, ಅದರ ಬೆನ್ನಿಗೆ ಮಿಶ್ರವಾಕ್ಯಗಳು. ಹೀಗಾದರೆ ಹಾಗಾಗುತ್ತದೆ, ಹೀಗಿದ್ದರೆ ಹಾಗಿರುತ್ತಿತ್ತು, ಹೀಗೆ ಮಾಡಿದ್ದರೆ ಹಾಗಾಗಿರುತ್ತಿತ್ತು ಎನ್ನುವುದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವುದು. ಪರೀಕ್ಷೆಯಲ್ಲಿ ಮಕ್ಕಳು ಮುಗ್ಗರಿಸಿ ಬೀಳುವುದೇ ಇಲ್ಲಿ. ದೊಡ್ಡ ಮೇಡಂನದು ಬಣ್ಣದ ಪದ್ಧತಿ. ಬೋರ್ಡಿನಲ್ಲಿ ಚೌಕ ಚೌಕವಾಗಿ ಮೂರು ಮನೆ ಬರೆಯುವಳು. ಬಿಳಿ ಚಾಕ್‌ಪೀಸಿನ ಮನೆ ಆಗಬಹುದಾದದ್ದಕ್ಕೆ, ಹಳದಿಯದು ಆಗಲಾರದ್ದಕ್ಕೆ, ಕೆಂಪಿನದು ಕೈತಪ್ಪಿ ಹೋದದ್ದಕ್ಕೆ. ಮೂರು ಮನೆಯ ಸೂತ್ರವನ್ನು ಬಾಯಿಪಾಠ ಮಾಡಿದರೆ ಮುಗಿಯಿತು. ಇಪ್ಪತ್ತೊಂದು ವರ್ಷದಿಂದ ಆ ಮನೆಗಳು ಒಂದು ಇಂಚೂ ಅತ್ತಿತ್ತ ಸರಿದಿರಲಿಲ್ಲ.

ಚಿಕ್ಕ ಮೇಡಂನದು ಏನು ಪದ್ಧತಿಯೋ ದೇವರಿಗೇ ಗೊತ್ತು. ನೀರು ಕುಡಿಯುವ ನೆಪ ಮಾಡಿಕೊಂಡು ದೊಡ್ಡ ಮೇಡಂ ಒಂದು ದಿನ ಬಿ ಸೆಕ್ಷನ್ನಿನ ಬಾಗಿಲ ಮುಂದೆ ಹಾದುಹೋದಳು. ಒಳಗೆ ಒಬ್ಬ ಹುಡುಗ ಒಂಟಿ ಕಾಲಿನಲ್ಲಿ ನಿಂತು ಇನ್ನೊಬ್ಬನ ಭುಜ ಹಿಡಿದುಕೊಂಡಿದ್ದ. "ಇವನು 'ಇಫ್' ಇರೋ ಅರ್ಧ ವಾಕ್ಯ. ಒಬ್ಬನೇ ನಿಲ್ಲೋಕಾಗಲ್ಲ. ಇವನ ಕೈ ಬಿಡಿಸಿದ್ರೆ ಏನಾಗತ್ತೆ?" ಎಂದು ಚಿಕ್ಕ ಮೇಡಂ ಕೇಳುತ್ತಿದ್ದಳು. "ಬೀಳ್ತಾನೆ!" ಎಂದು ತರಗತಿ ಕೂಗಿತು. ಹುಡುಗ ಬೇಕೆಂದೇ ಬಿದ್ದ. ಮುಂದಿನ ಬೆಂಚಿನಲ್ಲಿ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಪಾಠ ಅಲ್ಲ, ದೊಂಬರಾಟ" ಎಂದು ದೊಡ್ಡ ಮೇಡಂ ಸ್ಟಾಫ್ ರೂಮಿನಲ್ಲಿ ಮೂಗು ಮುರಿದಳು. ಮುರಿದದ್ದೇನೋ ಸರಿ, ಆದರೆ ಆ ಒಂಟಿ ಕಾಲಿನ ಉಪಾಯ ತನಗೇಕೆ ಇಪ್ಪತ್ತೊಂದು ವರ್ಷದಲ್ಲಿ ಒಮ್ಮೆಯೂ ಹೊಳೆಯಲಿಲ್ಲ ಎಂದು ಅವಳ ಮನಸ್ಸು ಇಡೀ ದಿನ ಕೆರೆಯುತ್ತಿತ್ತು.

ಮನೆಗೆ ಬಂದರೆ ಅಲ್ಲಿಯೂ ಅದೇ. ಸಂಜೆ ಊಟದ ಮೇಜಿನ ಮೇಲೆ ಮಗಳ ಪುಸ್ತಕ ಹರಡಿರುತ್ತಿತ್ತು, ಪಕ್ಕದಲ್ಲಿ ಚಿಕ್ಕಮ್ಮ. ಒಂದು ಸಂಜೆ ದೊಡ್ಡ ಮೇಡಂ ಚೀಲ ಇಳಿಸಿದವಳೇ ಕುರ್ಚಿ ಎಳೆದುಕೊಂಡು, "ಬಾ, ಈ ಮಿಶ್ರವಾಕ್ಯ ನಾನು ಹೇಳಿಕೊಡ್ತೀನಿ" ಎಂದಳು.

"ಬೇಡಮ್ಮ, ಚಿಕ್ಕಮ್ಮ ಆಗಲೇ ಹೇಳಿಕೊಟ್ಳು" ಎಂದು ಮಗಳು ತಲೆ ಎತ್ತದೆಯೇ ಹೇಳಿದಳು.

ಮೂಲೆಯ ಕುರ್ಚಿಯಲ್ಲಿದ್ದ ಅತ್ತೆಗೆ ಒಂದು ಕಿವಿ ಕೇಳುವುದಿಲ್ಲ. ಆದರೆ ಇಂಥ ಮಾತುಗಳಿಗೆ ಆ ಕೇಳದ ಕಿವಿಯೂ ತೆರೆದುಕೊಳ್ಳುತ್ತದೆ. "ಚಿಕ್ಕವಳಿಗೆ ತಾಳ್ಮೆ ಜಾಸ್ತಿ" ಎಂದರು. ಆಡಿದ್ದು ಮೂರೇ ಮಾತು, ಅದರಲ್ಲಿ ಆಡದೆ ಬಿಟ್ಟದ್ದನ್ನೂ ದೊಡ್ಡ ಸೊಸೆ ಕೇಳಿಸಿಕೊಂಡಳು.

ಗಂಡನ ಹತ್ತಿರ ಹೇಳಿಕೊಂಡಳು. ಅವನದು ಕನ್ನಡಕದ ಅಂಗಡಿ. ಯಾರು ಯಾವ ಕಷ್ಟ ಹೇಳಿಕೊಂಡರೂ ಅವನು ಅದನ್ನು ಕಣ್ಣಿನ ದೋಷ ಎಂದೇ ತಿಳಿಯುವವನು. "ನಿಂಗೆ ನಂಬರ್ ಬದಲಾಗಿರಬೇಕು ಕಣೇ. ಅವಳು ಇರೋದಕ್ಕಿಂತ ದೊಡ್ಡದಾಗಿ ಕಾಣ್ತಿದಾಳೆ" ಎಂದು ನಕ್ಕ. ಅವಳು ಪಟ್ಟನೆ ದೀಪ ಆರಿಸಿದಳು.

ಪರೀಕ್ಷೆಗೆ ತಿಂಗಳಿದೆ ಎನ್ನುವಾಗ ಹೆಡ್‌ಮಾಸ್ಟರು ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ಆರನೇ ತರಗತಿಗೆ ಇಂಗ್ಲಿಷ್ ಕಲಿಸುವವರಿಲ್ಲ, ಮುಂದಿನ ವರ್ಷ ಹತ್ತನೇ ತರಗತಿಗೆ ಎರಡನ್ನೂ ಸೇರಿಸಿ ಒಂದೇ ಸೆಕ್ಷನ್ ಎಂದರು. "ಹತ್ತನೇ ತರಗತಿಗೆ ಇಂಗ್ಲಿಷ್ ಒಬ್ಬರಿಗೇ. ಇನ್ನೊಬ್ರು ಆರನೇ ತರಗತಿ ತಗೋಬೇಕು. ಯಾರಿಗೆ ಅನ್ನೋದನ್ನ ನಾನು ಹೇಳಿದ್ರೆ ನಿಮ್ಮ ಮನೇಲಿ ನನಗೆ ಶಾಪ ಹಾಕ್ತೀರಿ. ಗುರುವಾರ ಶಿಕ್ಷಣಾಧಿಕಾರಿ ಬರ್ತಾರೆ, ಎರಡೂ ತರಗತಿ ನೋಡಿ ಅವರೇ ತೀರ್ಮಾನ ಮಾಡ್ತಾರೆ."

"ಒಂದೇ ಸೆಕ್ಷನ್ ಆದ್ರೆ, ಸ್ವಂತ ಮಕ್ಕಳ ನಿಯಮ?" ಎಂದು ದೊಡ್ಡ ಮೇಡಂ ಕೇಳಿದಳು.

"ಬೇರೆ ಸೆಕ್ಷನ್ನೇ ಇಲ್ಲ ಅಂದ್ಮೇಲೆ ನಿಯಮ ಎಲ್ಲಿಂದ ಬರತ್ತೆ ಮೇಡಂ?"

ಅವಳ ಎದೆ ಹಗುರಾಯಿತು. ಹತ್ತನೇ ತರಗತಿ ಸಿಕ್ಕರೆ ಮಗಳು ಸಿಕ್ಕ ಹಾಗೆ. ಇಡೀ ವರ್ಷ ಮಗಳು ತನ್ನ ಎದುರಿಗೆ, ತನ್ನ ಬೋರ್ಡಿನ ಕಡೆ ಮುಖ ಮಾಡಿ ಕೂತಿರುತ್ತಾಳೆ. ಏನಾದರೂ ತಿಳಿಯದಿದ್ದರೆ ತನ್ನನ್ನೇ ಕೇಳಬೇಕು, ಬೇರೆ ಯಾರನ್ನೂ ಅಲ್ಲ. ಹೊರಗೆ ಬರುವಾಗ ಚಿಕ್ಕ ಮೇಡಂ, "ಯಾರಿಗೆ ಬಂದ್ರೂ ಮನೆಯವರಿಗೇ ಅಲ್ವಾ ಅಕ್ಕ" ಎಂದಳು. ಈ ದೊಡ್ಡಮನಸ್ಸು ಬೇರೆ ಕೇಡು ಎಂದುಕೊಂಡ ದೊಡ್ಡ ಮೇಡಂ ಬಿರಬಿರನೆ ತನ್ನ ತರಗತಿಯ ಕಡೆ ನಡೆದಳು.

ಮೇಲಿನವರು ತರಗತಿ ನೋಡಲು ಬಂದಾಗ ಏನು ಮಾಡಬೇಕು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಗಣಿತದ ಮಾಸ್ತರು ಕಲಿಸಿಕೊಟ್ಟ ಉಪಾಯ ಅದು. ಬುಧವಾರ ಬಾಗಿಲು ಮುಂದಕ್ಕೆ ಮಾಡಿ ಎ ಸೆಕ್ಷನ್ನಿಗೆ ಅದನ್ನು ಹೇಳಿದಳು.

"ನಾಳೆ ನಾನು ಪ್ರಶ್ನೆ ಕೇಳಿದಾಗ ಎಲ್ರೂ ಕೈ ಎತ್ತಬೇಕು. ಒಬ್ರೂ ಬಿಡಬಾರದು. ಉತ್ತರ ಗೊತ್ತಿದ್ದೋರು ಬಲಗೈ, ಗೊತ್ತಿಲ್ಲದೋರು ಎಡಗೈ. ಎಡಗೈಯವರನ್ನ ನಾನು ಕೇಳಲ್ಲ. ತಿಳೀತಾ?"

ಹಿಂದಿನ ಬೆಂಚಿನಿಂದ ಒಂದು ದನಿ ಬಂತು. "ಮೇಡಂ, ಅರ್ಧ ಗೊತ್ತಿದ್ರೆ?"

"ಅರ್ಧ ಗೊತ್ತಿದ್ರೆ ಎಡಗೈ."

ಮೂರು ಸಲ ಅಭ್ಯಾಸ ಮಾಡಿಸಿದಳು. ನಲವತ್ತು ಕೈಗಳು ಒಟ್ಟಿಗೆ ಮೇಲೆ ಹೋದವು. ಹದಿಮೂರು ಬಲ, ಇಪ್ಪತ್ತೇಳು ಎಡ. ಇಪ್ಪತ್ತೇಳು ಎಂಬುದು ಅವಳನ್ನು ಒಂದು ಗಳಿಗೆ ಚುಚ್ಚಿತು. ಆದರೆ ಹಿಂದಿನ ಬೆಂಚಿನಿಂದ ನೋಡುವವರಿಗೆ ಎಡ ಯಾವುದು ಬಲ ಯಾವುದು, ಎಲ್ಲ ಕೈಯೇ ತಾನೇ.

ಗುರುವಾರ ಬಂದ ಅಧಿಕಾರಿ ಕಡಿಮೆ ಮಾತಿನ ಹೆಂಗಸು. ಕೊಟ್ಟ ಟೀ ಮುಟ್ಟದೆ ಕೈಯಲ್ಲಿ ಒಂದು ನೋಟ್‌ಬುಕ್ ಹಿಡಿದುಕೊಂಡು, "ಇಬ್ಬರೂ ನಿಮ್ಮ ನಿಮ್ಮ ಮಕ್ಕಳನ್ನ ತಯಾರು ಮಾಡಿಸಿರ್ತೀರಿ" ಎಂದರು. "ಅದಕ್ಕೆ ಅದಲು ಬದಲು ಮಾಡೋಣ. ಎ ಸೆಕ್ಷನ್ನಿಗೆ ನೀವು ಪಾಠ ಮಾಡಿ" ಎಂದು ಚಿಕ್ಕ ಮೇಡಂ ಕಡೆ ತಿರುಗಿದರು. "ಆಮೇಲೆ ಬಿ ಸೆಕ್ಷನ್ನಿಗೆ ಇವರು. ಪಾಠ ಮಾಡೋದು ಎಲ್ಲರಿಗೂ ಬರತ್ತೆ. ನಾನು ನೋಡೋದು ಮಕ್ಕಳನ್ನ. ಯಾರ ಮಕ್ಕಳು ಕಲಿತಿದಾರೋ ಅವರಿಗೆ ಹತ್ತನೇ ತರಗತಿ."

ದೊಡ್ಡ ಮೇಡಂ ಬಾಗಿಲ ಕಡೆ ಸರಿದಳು. ಮಕ್ಕಳಿಗೆ ಒಂದು ಮಾತು ಹೇಳಿಬರೋಣವೆಂದರೆ ಪುರುಸೊತ್ತು ಎಲ್ಲಿ? ಅಧಿಕಾರಿ ಆಗಲೇ ಎದ್ದು ನಡೆದಿದ್ದರು. ಎ ಸೆಕ್ಷನ್ನಿನ ಕೊನೆಯ ಬೆಂಚಿನಲ್ಲಿ ಅವರು ಕೂತರು, ಪಕ್ಕದಲ್ಲಿ ಹೆಡ್‌ಮಾಸ್ಟರು, ಅವರ ಪಕ್ಕದಲ್ಲಿ ಬೆಂಚಿನ ತುದಿಗೆ ಅಂಟಿಕೊಂಡು ದೊಡ್ಡ ಮೇಡಂ.

ಚಿಕ್ಕ ಮೇಡಂ ಮಕ್ಕಳಿಗೆ ನಮಸ್ಕಾರ ಹೇಳಿ ನೇರ ವಿಷಯಕ್ಕೆ ಬಂದಳು. "ಬೆಳಗ್ಗೆ ಬಸ್ಸು ತಪ್ಪಿಹೋದ್ರೆ ಏನಾಗತ್ತೆ? 'ಇಫ್' ಹಾಕಿ ಇಂಗ್ಲಿಷ್‌ನಲ್ಲಿ ಯಾರು ಹೇಳ್ತೀರಿ?"

ನಲವತ್ತು ಕೈಗಳು ಒಮ್ಮೆಲೇ ಮೇಲೆದ್ದವು. ಅಧಿಕಾರಿಯ ಹುಬ್ಬು ಏರಿತು. ಚಿಕ್ಕ ಮೇಡಂಗೂ ಆಶ್ಚರ್ಯವಾಯಿತು, ಖುಷಿಯೂ ಆಯಿತು. ಕಿಟಕಿ ಪಕ್ಕದ ಉದ್ದ ಜಡೆಯ ಹುಡುಗಿಯನ್ನು ಕರೆದಳು. ಹುಡುಗಿ ಎತ್ತಿದ್ದು ಎಡಗೈ. ಎದ್ದು ನಿಂತಳು, ಬಾಯಿ ತೆರೆದಳು, ಮಾತು ಬರಲಿಲ್ಲ. ಅವಳ ಕಣ್ಣು ಹಿಂದಿನ ಬೆಂಚಿನ ದೊಡ್ಡ ಮೇಡಂ ಕಡೆ ಓಡಿತು. ಎಡಗೈಯವರನ್ನು ಕೇಳುವುದಿಲ್ಲ ಎಂದಿದ್ದಿರಲ್ಲ ಎಂದು ಆ ಕಣ್ಣು ದೂರು ಹೇಳುತ್ತಿತ್ತು.

"ಪರವಾಗಿಲ್ಲ, ಯೋಚನೆ ಮಾಡ್ತಾ ಇರು" ಎಂದು ಚಿಕ್ಕ ಮೇಡಂ ಅವಳನ್ನು ಕೂರಿಸಿ ಇನ್ನೊಬ್ಬನನ್ನು ಕರೆದಳು. ಅವನದೂ ಎಡಗೈ. ಅವನೂ ನಿಂತ, ಅವನೂ ಹಿಂದಕ್ಕೆ ನೋಡಿದ.

ಚಿಕ್ಕ ಮೇಡಂನ ನೋಟ ಎತ್ತಿದ ಕೈಗಳ ಮೇಲೆ ಸಾಲಿನಿಂದ ಸಾಲಿಗೆ ಹೋಯಿತು. ಆಮೇಲೆ ಹಿಂದಿನ ಬೆಂಚಿಗೆ ಬಂತು, ಓರಗಿತ್ತಿಯ ಮುಖದ ಮೇಲೆ ನಿಂತಿತು. ಒಂದು ಉಸಿರಿನಷ್ಟು ಹೊತ್ತು. ದೊಡ್ಡ ಮೇಡಂ ನೆಲ ನೋಡಿದಳು. ಮುಗಿಯಿತು, ಈಗ ಬಾಯಿಬಿಡುತ್ತಾಳೆ, ಇಪ್ಪತ್ತೊಂದು ವರ್ಷದ ಮಾನ ಈ ನೆಲದ ಮೇಲೆ ಬೀಳುತ್ತದೆ ಎಂದುಕೊಂಡಳು.

"ನೀನು ಹೇಳು" ಎಂದು ಚಿಕ್ಕ ಮೇಡಂ ಎರಡನೇ ಸಾಲಿನ ಒಬ್ಬಳನ್ನು ಕರೆದಳು. ಬಲಗೈ. ಹುಡುಗಿ ಪಟಪಟನೆ ಹೇಳಿದಳು. ಮುಂದಿನ ಪ್ರಶ್ನೆಗೂ ಬಲಗೈ. ಅದರ ಮುಂದಿನದಕ್ಕೂ. ದೊಡ್ಡ ಮೇಡಂ ತಲೆ ಎತ್ತಿ ಎಣಿಸತೊಡಗಿದಳು. ನಾಲ್ಕು, ಐದು, ಆರು. ಒಂದೂ ತಪ್ಪಲಿಲ್ಲ. ಕೊನೆಗೆ ಚಿಕ್ಕ ಮೇಡಂ ಆ ಉದ್ದ ಜಡೆಯ ಹುಡುಗಿಯ ಹತ್ತಿರ ಹೋಗಿ, ಅರ್ಧ ವಾಕ್ಯ ತಾನು ಹೇಳಿ ಉಳಿದ ಅರ್ಧ ಅವಳಿಂದ ಹೇಳಿಸಿದಳು. ಹುಡುಗಿಯ ಮುಖ ಅರಳಿತು. ಅಧಿಕಾರಿ ಬರೆದುಕೊಂಡರು. ಗಂಟೆ ಹೊಡೆಯಿತು.

ಇವಳು ನನ್ನನ್ನು ಕಾಪಾಡಿದಳು ಎಂಬುದು ದೊಡ್ಡ ಮೇಡಂಗೆ ತಿಳಿಯಿತು. ತಿಳಿದ ಕೂಡಲೇ ಮೈಯೆಲ್ಲ ಉರಿಯಿತು. ಕಾಪಾಡಿ ಎಂದು ನಾನು ಕೇಳಿದ್ದೆನೇ? ಮಕ್ಕಳ ಮುಂದೆ, ಅತ್ತೆಯ ಮುಂದೆ, ಈಗ ಇಲ್ಲಿಯೂ ಇವಳೇ ಒಳ್ಳೆಯವಳಾಗಬೇಕೇ? ಎರಡು ತರಗತಿಗಳ ನಡುವಿನ ಹತ್ತು ಹೆಜ್ಜೆಯನ್ನು ಅವಳು ಈ ಉರಿಯಲ್ಲೇ ನಡೆದಳು.

ಬಿ ಸೆಕ್ಷನ್ನಿನಲ್ಲಿ ಬೋರ್ಡಿನ ಮೇಲೆ ಮೂರು ಮನೆ ಬರೆದು, ಬಣ್ಣ ತುಂಬಿ, ಪ್ರಶ್ನೆ ಕೇಳಿದಳು. ಎದ್ದದ್ದು ಒಂಬತ್ತು ಕೈ. ಉಳಿದ ಮಕ್ಕಳು ಯಾವ ಸಂಕೋಚವೂ ಇಲ್ಲದೆ ಕೈ ಕೆಳಗಿಟ್ಟುಕೊಂಡು ಕೂತಿದ್ದರು. ಒಬ್ಬಳಂತೂ ಎದ್ದು ನಿಂತು, "ಮೇಡಂ, ಹಳದಿ ಮನೇದು ಗೊತ್ತಾಗಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?" ಎಂದಳು.

ಇಪ್ಪತ್ತೊಂದು ವರ್ಷದಲ್ಲಿ ಅಧಿಕಾರಿಗಳ ಮುಂದೆ ಯಾವ ಮಗುವೂ ಹೀಗೆ ಕೇಳಿರಲಿಲ್ಲ. ಇನ್ನೊಂದು ಸಲ ಹೇಳಬಹುದಿತ್ತು. ಬೇರೆ ಉದಾಹರಣೆ ಕೊಡಬಹುದಿತ್ತು. ಕೈ ಎತ್ತಿದ ಒಂಬತ್ತು ಮಕ್ಕಳನ್ನು ಕೇಳಿ, ತರಗತಿಯನ್ನು ಚೆಂದ ಕಾಣಿಸಿ, ಪಡೆದ ಉಪಕಾರವನ್ನು ಅಲ್ಲಿಗಲ್ಲಿಗೆ ತೀರಿಸಿಬಿಡಬಹುದಿತ್ತು. ಅವಳು ಹಾಗೆ ಮಾಡಲಿಲ್ಲ.

"ಕೂತ್ಕೋ" ಎಂದಳು. ಕೈ ಎತ್ತದವರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸತೊಡಗಿದಳು. "ನೀನು ಹೇಳು."

"ಗೊತ್ತಿಲ್ಲ ಮೇಡಂ."

"ನೀನು?"

"ಗೊತ್ತಿಲ್ಲ ಮೇಡಂ."

ನಿಂತವರನ್ನು ಕೂರಿಸಲೂ ಇಲ್ಲ. ಆರು ಮಂದಿ, ಏಳು ಮಂದಿ, ಎಂಟು ಮಂದಿ ನಿಂತಿದ್ದರು. ಹಿಂದಿನ ಬೆಂಚಿನಲ್ಲಿ ಪೆನ್ನು ಓಡುವ ಸದ್ದು ಕೇಳಿಸುತ್ತಿತ್ತು, ಆ ಸದ್ದು ಅವಳಿಗೆ ಹಿತವಾಗಿತ್ತು. ಅದೇ ಹುರುಪಿನಲ್ಲಿ ಮುಂದಿನ ಬೆಂಚಿನ ಮಗಳ ಕಡೆಗೂ ಬೆರಳು ತೋರಿಸಿದಳು.

ಮಗಳು ಎದ್ದಳು. ಅಮ್ಮನ ಮುಖ ನೋಡಿದಳು. "ಗೊತ್ತಿಲ್ಲ ಮೇಡಂ" ಎಂದಳು. ದನಿ ಸಣ್ಣಗಿತ್ತು.

"ಮನೆಯಲ್ಲಿ ಇಬ್ಬರು ಇಂಗ್ಲಿಷ್ ಟೀಚರು. ಆದರೂ ಗೊತ್ತಿಲ್ಲ" ಎಂದಳು ದೊಡ್ಡ ಮೇಡಂ, ಹಿಂದಿನ ಬೆಂಚಿಗೆ ಕೇಳಿಸುವ ಹಾಗೆ. ಗಂಟೆ ಹೊಡೆಯುವವರೆಗೆ ಮಗಳು ನಿಂತೇ ಇದ್ದಳು.

ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. "ಎ ಸೆಕ್ಷನ್ನಿನಲ್ಲಿ ಕೆಳಗಿದ್ದ ಕೈ ಒಂದೂ ಇಲ್ಲ. ಬಿ ಸೆಕ್ಷನ್ನಿನಲ್ಲಿ ಎತ್ತಿದ್ದೇ ಒಂಬತ್ತು" ಎಂದು ಅಧಿಕಾರಿ ನೋಟ್‌ಬುಕ್ ಮುಚ್ಚಿದರು. ಹತ್ತನೇ ತರಗತಿ ದೊಡ್ಡ ಮೇಡಂ ಪಾಲಾಯಿತು. ಚಿಕ್ಕ ಮೇಡಂ ಬಿಳಚಿಕೊಂಡಿದ್ದಳು. ಈಗಲಾದರೂ ಬಾಯಿಬಿಡುತ್ತಾಳೆ ಎಂದು ದೊಡ್ಡ ಮೇಡಂ ಕಾದಳು. ಚಿಕ್ಕವಳು "ಸರಿ ಸರ್" ಎಂದು ಹೆಡ್‌ಮಾಸ್ಟರಿಗೆ ಹೇಳಿ, ತನ್ನ ಹಾಜರಿ ಪುಸ್ತಕ ಎತ್ತಿಕೊಂಡು ಹೊರಟುಹೋದಳು.

ಆ ಸಂಜೆ ಅಡುಗೆಮನೆಯಲ್ಲಿ ಒಬ್ಬಳು ಪಾತ್ರೆ ತೊಳೆಯುತ್ತಿದ್ದಳು, ಒಬ್ಬಳು ಒರೆಸುತ್ತಿದ್ದಳು.

"ಗೊತ್ತಾಯ್ತಲ್ವಾ ನಿಂಗೆ?" ಎಂದು ದೊಡ್ಡವಳೇ ಕೇಳಿದಳು.

"ಎರಡನೆಯವನು ಎದ್ದಾಗ ಗೊತ್ತಾಯ್ತು ಅಕ್ಕ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಆ ಇಪ್ಪತ್ತೇಳು ಮಕ್ಕಳನ್ನ ಅವರು ಎಬ್ಬಿಸಿ ನಿಲ್ಲಿಸ್ತಿದ್ರು." ಚಿಕ್ಕವಳು ತಟ್ಟೆ ಒರೆಸಿ ಕೆಳಗಿಟ್ಟಳು. ಇಟ್ಟದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತು. "ನನ್ನ ಮಕ್ಕಳನ್ನ ನೀವು ನಿಲ್ಲಿಸಿದ್ರಿ. ಹತ್ತನೇ ತರಗತಿ ತಗೊಳ್ಳಿ ಅಕ್ಕ, ನಂಗೇನಿಲ್ಲ. ಆದ್ರೆ ಅದು ಮಾತ್ರ ನಂಗೆ ಮರೆಯೋಕಾಗಲ್ಲ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅತ್ತಿದ್ದರೆ ಸಮಾಧಾನ ಮಾಡಿ ತಾನು ದೊಡ್ಡವಳಾಗಬಹುದಿತ್ತು. ಚಿಕ್ಕವಳು ಎರಡನ್ನೂ ಮಾಡದೆ ಟವಲ್ಲು ಹಿಂಡಿ ಒಣಹಾಕಿ ಒಳಗೆ ಹೋದಳು. ಇಪ್ಪತ್ತೇಳು ಎಂದು ಅವಳೂ ಎಣಿಸಿದ್ದಳು! ಪಾಠ ಮಾಡುತ್ತ, ಮಕ್ಕಳನ್ನು ಕಾಯುತ್ತ, ಅಷ್ಟು ಚುರುಕಾಗಿ ಎಣಿಸಲೂ ಇವಳಿಗೆ ಬರುತ್ತದಲ್ಲ ಎಂದು ದೊಡ್ಡವಳಿಗೆ ಹೊಸದೊಂದು ಹೊಟ್ಟೆಕಿಚ್ಚು ಹತ್ತಿಕೊಂಡಿತು. ನಾಚಿಕೆಯೂ ಆಗದೆ ಇರಲಿಲ್ಲ. ಆದರೆ ನಾಚಿಕೆಗಿಂತ ಹೊಟ್ಟೆಕಿಚ್ಚು ಅವಳಿಗೆ ಹಳೆಯ ಪರಿಚಯ, ಅದರ ಜೊತೆ ಹೊಂದಿಕೊಂಡು ಹೋಗುವುದು ಸುಲಭವಾಗಿತ್ತು.

ಪರೀಕ್ಷೆಗಳು ಮುಗಿದವು, ರಜೆ ಬಂತು. ರಜೆಯ ಮೊದಲ ಭಾನುವಾರ ದೊಡ್ಡ ಮೇಡಂ ಎಷ್ಟೋ ದಿನದಿಂದ ಕಾದಿದ್ದ ಕೆಲಸಕ್ಕೆ ಕೈ ಹಾಕಿದಳು. ಊಟದ ಮೇಜನ್ನು ಒರೆಸಿ, ಹತ್ತನೇ ತರಗತಿಯ ಹೊಸ ಪುಸ್ತಕಕ್ಕೆ ಬೈಂಡ್ ಹಾಕಿ, ಪೆನ್ಸಿಲ್ ಚೂಪು ಮಾಡಿಟ್ಟು ಮಗಳನ್ನು ಕರೆದಳು. ಮಗಳು ಬಂದಳು. ಗೊಣಗಲಿಲ್ಲ. ಆ ಗುರುವಾರದಿಂದ ಮಗಳು ಯಾವುದಕ್ಕೂ ಗೊಣಗುತ್ತಿರಲಿಲ್ಲ. ದೊಡ್ಡ ಮೇಡಂ ಅದನ್ನು ಒಳ್ಳೆಯ ಲಕ್ಷಣ ಎಂದೇ ತಿಳಿದಿದ್ದಳು.

ಮೊದಲ ಪಾಠದಲ್ಲೇ ಮಿಶ್ರವಾಕ್ಯಗಳಿದ್ದವು. ಒಂದು ವಾಕ್ಯದ ಹೊಟ್ಟೆಯೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಅವಳು ಅಕ್ಕರೆಯಿಂದ ಬಿಡಿಸಿ ಬಿಡಿಸಿ ಹೇಳಿದಳು. ಗೆರೆ ಎಳೆದಳು, ಬಣ್ಣದ ಪೆನ್ಸಿಲ್ಲಿನಲ್ಲಿ ತುಂಬಿದಳು. ಅಷ್ಟು ಚೆನ್ನಾಗಿ ಅವಳು ಯಾವ ಮಗುವಿಗೂ ಹೇಳಿಕೊಟ್ಟಿರಲಿಲ್ಲ.

"ಗೊತ್ತಾಯ್ತಾ ಚಿನ್ನ?"

"ಗೊತ್ತಾಯ್ತಮ್ಮ."

"ಹಾಗಾದ್ರೆ ಇದೊಂದು ಬರಿ ನೋಡೋಣ."

ಮಗಳು ಬರೆದಳು. ಅಮ್ಮ ಕೊಟ್ಟ ಉದಾಹರಣೆಯನ್ನೇ ಬರೆದು ಒಂದು ಪದ ಬದಲಾಯಿಸಿದ್ದಳು. ಇಪ್ಪತ್ತೊಂದು ವರ್ಷದಲ್ಲಿ ದೊಡ್ಡ ಮೇಡಂ ಇಂಥ ಸಾವಿರಾರು ಉತ್ತರ ನೋಡಿದ್ದಳು. ತಿಳಿಯದ ಮಗು, ತಿಳಿಯಿತು ಎಂದು ತೋರಿಸಿಕೊಳ್ಳಲು ಮಾಡುವ ಕೆಲಸ ಅದು. ಅವಳು ಮಗಳ ಮುಖ ನೋಡಿದಳು. ಮಗಳು ಪುಸ್ತಕ ನೋಡುತ್ತಿದ್ದಳು.

"ಗೊತ್ತಾಗದೇ ಇದ್ರೆ ಇಲ್ಲ ಅನ್ನು. ನಾನೇನು ಬೈಯಲ್ಲ."

"ಇಲ್ಲಮ್ಮ, ಗೊತ್ತಾಯ್ತು."

"ನಿಜವಾಗ್ಲೂ?"

"ಎಲ್ಲಾ ಗೊತ್ತಾಯ್ತಮ್ಮ. ನೀನು ಚೆನ್ನಾಗಿ ಹೇಳಿಕೊಟ್ಟೆ."

ದೊಡ್ಡ ಮೇಡಂ ಪೆನ್ಸಿಲ್ ಕೆಳಗಿಟ್ಟಳು. ಗೆದ್ದು ತಂದ ಹತ್ತನೇ ತರಗತಿ ಎಂದರೆ ಇದೇ ಎಂದು ಅವಳಿಗೆ ಆ ಕ್ಷಣ ತಿಳಿಯಿತು. ಇಡೀ ವರ್ಷ ಮಗಳು ಎದುರಿಗೆ ಕೂತು, ಎಲ್ಲಾ ಗೊತ್ತಾಯ್ತು ಎನ್ನುತ್ತಾಳೆ. ಬೈದರೂ ಅನ್ನುತ್ತಾಳೆ, ಮುದ್ದು ಮಾಡಿದರೂ ಅನ್ನುತ್ತಾಳೆ. ಬಿ ಸೆಕ್ಷನ್ನಿನಲ್ಲಿ ಅವಳು ನಿಜ ಹೇಳಿದ್ದಳು, ಅದಕ್ಕೆ ಸಿಕ್ಕ ಬಹುಮಾನ ಅವಳಿಗೆ ಇನ್ನೂ ನೆನಪಿತ್ತು.

ಎದ್ದು ಓರಗಿತ್ತಿಯ ಕೋಣೆಗೆ ಹೋಗಲು ಬೇಕಾದದ್ದು ಎಂಟು ಹೆಜ್ಜೆ. ಅಷ್ಟು ನಡೆಯುವುದು ಅವಳಿಗೆ ಬಹಳ ಕಷ್ಟವಾಯಿತು. ಒಳಗೆ ಚಿಕ್ಕವಳು ಆರನೇ ತರಗತಿಯ ಮಕ್ಕಳಿಗೆಂದು ರಟ್ಟು ಕತ್ತರಿಸುತ್ತಿದ್ದಳು.

"ಸ್ವಲ್ಪ ಬಾ" ಎಂದಳು ದೊಡ್ಡವಳು, ಬಾಗಿಲ ಚೌಕಟ್ಟು ಹಿಡಿದುಕೊಂಡು. "ಅವಳಿಗೆ ಪಾಠ ಗೊತ್ತಾಗಿಲ್ಲ. ನನ್ನ ಹತ್ರ ಗೊತ್ತಾಗಿಲ್ಲ ಅಂತ ಹೇಳ್ತಿಲ್ಲ."

ಚಿಕ್ಕವಳು ಅವಳ ಮುಖ ನೋಡಿದಳು. ಕತ್ತರಿ ಇಟ್ಟು ಬಂದಳು. ಮೇಜಿನ ಹತ್ತಿರ ಕೂತು ಪುಸ್ತಕ ತನ್ನ ಕಡೆ ಎಳೆದುಕೊಂಡು, "ಎಲ್ಲಿ ಸಿಕ್ಕಿಹಾಕ್ಕೊಂಡಿದೀಯ?" ಎಂದಳು.

ಮಗಳು ಒಮ್ಮೆ ಅಮ್ಮನ ಕಡೆ ನೋಡಿದಳು. ಅಮ್ಮ ಬೇಗ ಕಿಟಕಿಯ ಕಡೆ ತಿರುಗಿದಳು.

"ಮೊದಲನೇ ಸಾಲಿಂದಾನೇ ಗೊತ್ತಾಗಿಲ್ಲ ಚಿಕ್ಕಮ್ಮ" ಎಂದಳು ಮಗಳು. ಅರ್ಧ ನಿಮಿಷವೂ ಹಿಡಿಯಲಿಲ್ಲ.

ದೊಡ್ಡ ಮೇಡಂನ ಹೊಟ್ಟೆ ಉರಿಯಿತು, ಎಂದೂ ಉರಿಯದಷ್ಟು ಉರಿಯಿತು. ಅಡುಗೆಮನೆಯಲ್ಲಿ ಮಾಡುವ ಕೆಲಸ ಬೇಕಾದಷ್ಟಿತ್ತು. ಹೋಗಲಿಲ್ಲ. ಮೇಜಿನ ಆ ಕಡೆಗೆ, ಮಗಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು. "ನಂಗೂ ಕೇಳಿಸೋ ಹಾಗೆ ಹೇಳು" ಎಂದಳು.